ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ ಮೂರು ಚೀಟಿ

ನನ್ನ ಮೇಷ್ಟ್ರೇ,

ಕಾಗದ ಅಂದಮೇಲೆ ಮೊದಲು ಕ್ಷೇಮ ಬರೆಯಬೇಕು ಅಂತ ಮಿಡ್ಲ್‌ಸ್ಕೂಲಿನಲ್ಲಿ ಕಲಿಸಿದ್ದರು. ನಾನು ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ಕೇಳುವ ಯೋಗ್ಯತೆಯನ್ನೂ ಕಳೆದುಕೊಂಡು ಕೂತಿದ್ದೇನೆ. ನಿಮ್ಮ ತಿಥಿ ಮುಗಿದು ಇವತ್ತಿಗೆ ಹದಿನೇಳು ದಿನ. ನಮ್ಮೂರು ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ ನಡೀತಿದೆ, ಅಂಗಡಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ, ಧೂಳಿಗೆ ದಿನಕ್ಕೆ ಮೂರು ಸಲ ಗಾಜು ಒರೆಸುತ್ತೇನೆ. ನಿಮ್ಮ ಲ್ಯಾಪ್‌ಟಾಪು ನನ್ನ ಮೇಜಿನ ಮೇಲೆ ಮಗುಚಿಕೊಂಡು ಬಿದ್ದಿದೆ. ಅದರ ಬೆನ್ನ ಮೇಲೆ ನನ್ನ ಕೈಬರಹದ ಮೂರು ಚೀಟಿ. ಮೂರರಲ್ಲೂ ಒಂದೇ ಮಾತು: "ತೊಂದರೆ ಏನೂ ಇಲ್ಲ." ಅವನ್ನು ನೋಡಿದಾಗೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತೆ. ಒಂದು ಸಲ ಹೊಡೆದುಕೊಂಡೂ ಆಯಿತು. ಎದುರಿನ ಜೆರಾಕ್ಸ್ ಅಂಗಡಿಯವಳು ಸೊಳ್ಳೆ ಅಂದುಕೊಂಡಳು.

ಐ.ಟಿ.ಐ. ಸೇರಿದ ಮೊದಲ ದಿನ ನಿಮಗೆ ನೆನಪಿತ್ತಾ? ಎಲೆಕ್ಟ್ರಾನಿಕ್ಸ್ ಬ್ಯಾಚಿಗೆ ನಾನೊಬ್ಬಳೇ ಹುಡುಗಿ. ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತವಳನ್ನು ಕರೆದು, ಮುಂದೆ ನಿಲ್ಲಿಸಿ, ಕೈಗೆ ಕೆಂಪು, ಕಪ್ಪು, ಹಸಿರು ಮೂರು ತಂತಿ ಕೊಟ್ಟಿರಿ. "ಕೆಂಪು ಬರೋ ದಾರಿ, ಕಪ್ಪು ಓಗೋ ದಾರಿ, ಅಸುರು ಉಳ್ಸೋ ದಾರಿ. ಬ್ಯಾರೆ ಏನಾರ ಮರೀರ್ಲಾ, ಅಸುರು ಮರ್ತ್ರೆ ಮನೇಲಿ ಫೋಟೋಕ್ಕೆ ಊವ ಆಕ್ತಾರೆ" ಅಂದಿರಿ. ಹುಡುಗರೆಲ್ಲ ನಕ್ಕರು. ನಾನು ತಂತಿಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದೆ. ಅದನ್ನು ನೋಡಿ ದನಿ ತಗ್ಗಿಸಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಿರಿ: "ಎದ್ರುಕೋ ಕಣವ್ವ, ಪರ್ವಾಗಿಲ್ಲ. ಎದ್ರುಕಂಡೋರೇ ಒಳ್ಳೆ ಮೆಕ್ಯಾನಿಕ್ ಆಗೋದು." ಆ ಹೆದರಿಕೆ ನನ್ನಲ್ಲಿ ಎಷ್ಟು ವರ್ಷ ಇತ್ತೋ, ಅಷ್ಟು ವರ್ಷ ನಾನು ಒಳ್ಳೆಯ ಮೆಕ್ಯಾನಿಕ್ಕೇ ಆಗಿದ್ದೆ. ಆಮೇಲೆ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿ ಬಂತು, ಬೋರ್ಡು ಬಂತು, ಹೆದರಿಕೆ ಹೋಯಿತು.

ದುದ್ದ ಊರಿನ ಗೌಡರ ಆ ಟಿ.ವಿ.ಯನ್ನು ಮರೆಯೋದುಂಟಾ? ಪಾಪ ಆ ಗೌಡರು ಮೂರು ಸಲ ಅದನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತುಕೊಂಡು ಬಂದರು. ಮನೆಯಲ್ಲಿ ಗೆರೆಗೆರೆ ಬರುತ್ತೆ ಅಂತಾರೆ, ನಮ್ಮ ಬೆಂಚಿನ ಮೇಲಿಟ್ಟರೆ ಕನ್ನಡಿ ಹಾಗೆ ಕಾಣುತ್ತೆ. ನಾವು ಬ್ಯಾಚಿನವರೆಲ್ಲ ಗೌಡರಿಗೆ ಕಣ್ಣು ಮಂಜಾಗಿದೆ ಅಂತ ಕಿಸಕ್ಕನೆ ನಕ್ಕೆವು. ನೀವು ನಗಲಿಲ್ಲ. ನಿಮ್ಮ ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ದುದ್ದಕ್ಕೇ ಹೊರಟಿರಿ. ಅವರ ಜಗಲಿಯಲ್ಲಿ ಕೂತು ಕಾದೆವು. ಪಕ್ಕದ ಗದ್ದೆಯವರು ಪಂಪ್‌ಸೆಟ್ಟಿನ ಮೋಟ್ರು ಹಾಕಿದ ತಕ್ಷಣ ಟಿ.ವಿ. ತುಂಬ ಗೆರೆ! ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನೀವು ಗಾಳಿಗೆ ಎದುರಾಗಿ ಕೂಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸೆಟ್ಟೂ ಸುಳ್ಳು ಏಳಲ್ಲ, ಗಿರಾಕಿನೂ ಸುಳ್ಳು ಏಳಲ್ಲ ಕಣವ್ವ. ಎರಡೂ ತಾಳೆ ಆಗ್ನಿಲ್ಲ ಅಂದ್ರೆ ನಾವು ಸರ್ಯಾಗ್ ನೋಡಿಲ್ಲ ಅಂತ. ಸೆಟ್ಟ ಅದ್ರ ಮನೇಲೇ ನೋಡ್ಬೇಕು." ಇದನ್ನು ನಾನು ಎಷ್ಟು ಜನರ ಮುಂದೆ ನನ್ನದೇ ಮಾತು ಅನ್ನುವ ಹಾಗೆ ಹೇಳಿಕೊಂಡಿದ್ದೇನೋ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅಂಗಡಿ ಪೂಜೆಯ ದಿನ ಬೇರೆಯವರೆಲ್ಲ ಸೇಬಿನ ಹಾರ, ಗಡಿಯಾರ ತಂದರು. ನೀವು ಉಪ್ಪು, ಇದ್ದಿಲು, ತಾಮ್ರದ ತಗಡು ತಂದಿರಿ. ಪಂಚೆ ಎತ್ತಿಕಟ್ಟಿ, ಅಂಗಡಿ ಹಿಂದೆ ನೀವೇ ನಿಂತು ಗುಂಡಿ ತೋಡಿಸಿ, ಪದರ ಪದರವಾಗಿ ತುಂಬಿಸಿ, ಸೋರಿದ ಕರೆಂಟು ನೆಲಕ್ಕಿಳಿದುಹೋಗುವ ಅರ್ಥಿಂಗ್ ಕೂರಿಸಿದಿರಿ. ಹಸಿರು ತಂತಿಯನ್ನು ಒಳಗೆ ಎಳೆದು ತಂದು ನೀವೇ ಬಿಗಿದಿರಿ. "ದಿನಾ ಒಂದ್ ಚೊಂಬು ನೀರು ಉಯ್ಯವ್ವ ಇದ್ಕೆ, ತುಳಸಿ ಕಟ್ಟೆ ಅನ್ಕೋ" ಅಂದಿರಿ. ಉಯ್ಯುತ್ತಿದ್ದೇನೆ. ಅದೊಂದನ್ನು ತಪ್ಪಿಸಿಲ್ಲ.

ನೀವು ರಿಟೈರಾಗಿ ನಿಮ್ಮೂರು ಕೊತ್ತತ್ತಿಯಲ್ಲಿ ಕೂತಾಗ, ಪುಸ್ತಕ ಬರೀತೀನಿ ಅಂದಿರಲ್ಲ, ಆ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ... ಇಂಗ್ಲಿಷ್ ಬಾರದ ಹುಡುಗರಿಗೆ ಕನ್ನಡದಲ್ಲಿ ರಿಪೇರಿ ಪಾಠ. ನಾನೇ ಒಂದು ಹಳೇ ಲ್ಯಾಪ್‌ಟಾಪು ಹುಡುಕಿ, ಲಿನಕ್ಸ್ ಸಿಸ್ಟಮ್ಮು ಹಾಕಿ, ಕನ್ನಡ ಟೈಪಿಂಗ್ ಕೂರಿಸಿ ಕೊಟ್ಟೆ. "ಪ್ರತಿ ಸಲ ಆಫ್ ಮಾಡ್ಬೇಡಿ ಮೇಷ್ಟ್ರೇ. ಮುಚ್ಚಳ ಮುಚ್ಚಿ ಸಾಕು, ಮಲಗ್ತದೆ. ತಗುದ್ರೆ ಎಲ್ ಬುಟ್ಟಿದ್ರೋ ಅಲ್ಲೇ ಇರ್ತದೆ" ಅಂತ ಹೇಳಿಕೊಟ್ಟವಳೂ ನಾನೇ. "ಕುದ್ರೆ ಅಂಗೆ ನಿಂತ್ಕಂಡೇ ನಿದ್ದೆ ಒಡೀತದೆ ಅನ್ನು" ಅಂತ ನಕ್ಕಿರಿ. ನಡುನಡುವೆ ಬರೆದದ್ದನ್ನು ತಾನೇ ಉಳಿಸಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಹಳೇ ಯಂತ್ರ ನಿಧಾನವಾಗುತ್ತೆ ಅಂತ ಅದನ್ನು ತೆಗೆದುಹಾಕಿದವಳೂ ನಾನೇ. ನಿಮಗೆ ಹೇಳಲೂ ಇಲ್ಲ.

ಮೊದಲ ಸಲ ಅದನ್ನು ಹಿಡಿದುಕೊಂಡು ಬಂದ ದಿನ ನೀವು ಹೇಳಿದ್ದನ್ನು ಈಗ ಒಂದೊಂದು ಅಕ್ಷರವೂ ಬಿಡದೆ ಹೇಳಬಲ್ಲೆ. ಟವಲ್ಲಿನಲ್ಲಿ ಸುತ್ತಿ, ವೈರು ಬ್ಯಾಗಿನಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದಿರಿ. "ಒಂದೊಂದ್ಸಲ ಎದ್ದಾಗ ರಂಪ ಮಾಡ್ತದೆ ಕಣವ್ವ. ಫ್ಯಾನು ಗಿರ್ ಅಂತದೆ. ಆಮೇಲೆ ಮುಚ್ಚುದ್ರೂ ಮಲಗಲ್ಲ. ಬ್ಯಾಟ್ರಿ ಎಂಬತ್ತು ಅಂತ ತೋರುಸ್ತಾ ತೋರುಸ್ತಾನೇ ಪ್ರಾಣ ಬುಡ್ತದೆ." ಯಾವ ಗಿರಾಕಿ ಇಷ್ಟು ಸರಿಯಾಗಿ ಹೇಳುತ್ತಾನೆ ಮೇಷ್ಟ್ರೇ? ಇದಕ್ಕಿಂತ ಇನ್ನೇನು ಬೇಕಿತ್ತು ನನಗೆ? ನಾನು ಅಂಗಡಿಯ ಚಾರ್ಜರ್ ಹಾಕಿ, ಹತ್ತು ಸಲ ಮುಚ್ಚಿ ಹತ್ತು ಸಲ ತೆಗೆದೆ. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಮಲಗಿತು, ಎದ್ದಿತು. ಚೀಟಿ ಅಂಟಿಸಿ ಕಳಿಸಿದೆ. ಎರಡನೇ ಸಲ ಬಂದಾಗ ನಿಮ್ಮ ಪುಸ್ತಕವನ್ನು ಬೇರೆ ಕಡೆ ತೆಗೆದಿಟ್ಟು, ಉಳಿದದ್ದೆಲ್ಲ ಅಳಿಸಿ ಹೊಸದಾಗಿ ಹಾಕಿ, ಮತ್ತೆ ಹತ್ತು ಸಲ ಮುಚ್ಚಿ ತೆಗೆದು, ಮತ್ತೊಂದು ಚೀಟಿ ಅಂಟಿಸಿದೆ. ಕೊತ್ತತ್ತಿಗೆ ಹೋಗಿ ನೋಡೋಣ ಅಂತ ಒಂದು ಸಲವೂ ಹೊಳೆಯಲಿಲ್ಲ. ಹೊಳೆದಿತ್ತೇನೋ, ಅಂಗಡಿ ಬಿಟ್ಟು ಯಾರು ಹೋಗುತ್ತಾರೆ ಅಂತ ಸುಮ್ಮನಾಗಿರಬೇಕು.

ಮೂರನೇ ಸಲದ್ದನ್ನು ಬರೆಯೋಕೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಶಿವರಾತ್ರಿ ಆದ ಮರುವಾರ. ಕಾಲೇಜು ಹುಡುಗರು ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಮುತ್ತಿಕೊಂಡಿದ್ದರು. ಹಾಲಿನ ಡೈರಿಯ ಸೆಕ್ರೆಟರಿ ಕೆಂಪರಾಜು ಪ್ರಿಂಟಿಗೆ ಕಾಯುತ್ತಿದ್ದ. ಪಕ್ಕದ ಹೋಟ್ಲಿನ ನಂಜುಂಡಣ್ಣ ನಿಮ್ಮನ್ನು ಕಂಡು, ಹೇಳದೆಯೇ ಟೀ ತಂದು ಕೈಗಿಟ್ಟ. ನೀವು ಬೆವರು ಒರೆಸಿಕೊಂಡು ಹೇಳಿದಿರಿ: "ನೆನ್ನೆ ಎರಡು ಪುಟ ಬರ್ದಿದ್ದೆ ಕಣವ್ವ, ಅರ್ಥಿಂಗ್ ಪಾಠ. ಮುಚ್ಚಿಟ್ಟು ಗದ್ದೆ ತಾವ್ಕೆ ಓಗ್ಬುಟ್ಟು ಬಂದೆ. ತಗುದ್ರೆ ಸತ್ತು ಮಲಗ್ಯದೆ. ಚಾರ್ಜು ಆಕಿ ನೋಡುದ್ರೆ ಬರ್ದಿದ್ದೂ ಇಲ್ಲ."

"ಬರ್ದಿದ್ದೀನಿ ಅನ್ಕಂಡಿದ್ದೀರ ಮೇಷ್ಟ್ರೇ" ಅಂದೆ ನಾನು, ತಲೆ ಎತ್ತದೆ.

ನೀವು ಬ್ಯಾಗಿನಿಂದ ಒಂದು ನೋಟ್‌ಬುಕ್ಕು ತೆಗೆದಿರಿ. "ಅಂಗಲ್ಲ, ಇಲ್ ನೋಡು, ಕರೆಂಟು ಓದಾಗ..."

"ಕರೆಂಟ್ಗೂ ಇದ್ಕೂ ಏನ್ ಸಂಬಂಧ? ಬ್ಯಾಟ್ರಿ ಇರೋದ್ಯಾಕೆ ಮತ್ತೆ? ವಯಸ್ಸಾಯ್ತು ನಿಮ್ಗೆ, ಮರ್ವು ಬಂದದೆ. ಸುಮ್ಕೆ ಮಿಷಿನ್ ಮ್ಯಾಲೆ ಆಕ್ಬ್ಯಾಡಿ."

ಅಂಗಡಿ ತುಂಬ ಜನ. ಒಬ್ಬ ಹುಡುಗ ಕಿಸಕ್ಕಂದ. ಕೆಂಪರಾಜು ಸಮಾಧಾನ ಹೇಳುವವನ ಹಾಗೆ, "ನಮ್ಮಪ್ಪಂಗೂ ಇಂಗೇ ಸುರುವಾಗಿದ್ದು, ಬುಡಿ ಮೇಷ್ಟ್ರೇ" ಅಂದ. ನೀವು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಿರಿ. ಬೈಯುತ್ತೀರಿ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೋಟ್‌ಬುಕ್ಕನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, "ಆಯ್ತು ಬುಡವ್ವ. ನಿಂಗ್ ಗೊತ್ತಿರ್ತದೆ" ಅಂದಿರಿ. ನಾನು ಮೂರನೇ ಚೀಟಿ ಅಂಟಿಸಿ ಕೊಟ್ಟೆ. ಟೀ ಹಾಗೇ ಇತ್ತು.

ಕೆಲಸದ ಗಡಿಬಿಡಿಯಲ್ಲಿ ಬಾಯಿ ತಪ್ಪಿತು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ನಿಮ್ಮ ಹತ್ತಿರ ಈಗ ಸುಳ್ಳು ಯಾಕೆ? ಗಡಿಬಿಡಿ ಅಲ್ಲ. ದೋಷ ನನ್ನ ಕೈಗೆ ಸಿಕ್ಕಿರಲಿಲ್ಲ. ಮೂರು ಸಲ ನೋಡಿಯೂ ಸಿಕ್ಕಿರಲಿಲ್ಲ. ಅಷ್ಟು ಹುಡುಗರ ಮುಂದೆ "ನನಗೆ ಗೊತ್ತಾಗ್ತಿಲ್ಲ ಮೇಷ್ಟ್ರೇ" ಅನ್ನೋಕೆ ನಾಲಗೆ ಹೊರಳಲಿಲ್ಲ. ದೋಷ ಸಿಗದಿದ್ದಾಗ ಅದನ್ನು ಗಿರಾಕಿಯ ತಲೆಗೆ ಕಟ್ಟೋದು ನಮ್ಮ ಕಸುಬಿನ ಹಳೇ ಕಳ್ಳದಾರಿ. ಅದನ್ನು ತುಳಿಯಬೇಡ ಅಂತ ಕಲಿಸಿದ ಗುರುವಿಗೇ ತಿರುಮಂತ್ರ ಹಾಕಿದೆ. ಯುಗಾದಿ ಆದ ಮೇಲೆ ಒಂದು ದಿನ ನಿಮ್ಮ ಫೋನು ಬಂತು. ಮತ್ತೆ ಅದೇ ರಾಮಾಯಣ ಅಂದುಕೊಂಡು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು ಸಲ ಬಂತು. ಸೈಲೆಂಟಿಗೆ ಹಾಕಿದೆ. ಸಂಜೆ ಮಾಡೋಣ ಅಂದುಕೊಂಡೆ. ಎಷ್ಟು ಸಂಜೆ ಬಂದವು ಮೇಷ್ಟ್ರೇ, ಎಷ್ಟು ಹೋದವು.

ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತವರು ಹಾಗೇ ಒರಗಿಕೊಂಡರು ಅಂತ. ಮಣ್ಣಿಗೆ ಬರೋಕಾಗಲಿಲ್ಲ, ತಿಥಿಗೆ ಬಂದೆ. ನಿಮ್ಮ ಮನೆಯ ಅಂಗಳದಲ್ಲಿ ಶಾಮಿಯಾನ. ನಿಮ್ಮ ಹೆಂಡತಿ ಜಯಮ್ಮನವರು ನನ್ನನ್ನು ನೋಡಿದವರೇ ಕೈ ಹಿಡಿದುಕೊಂಡು, ಪಕ್ಕದಲ್ಲಿದ್ದ ನೆಂಟರಿಗೆ ಹೇಳಿದರು: "ಇವ್ಳೇ ಕಣ್ರವ್ವ ಸುಧಾ. ಅವ್ರ ಶಿಷ್ಯೆ. ಅವ್ರ್ಗೆ ಮರ್ವು ಬಂದದೆ ಅಂತ ಮದ್ಲು ಕಂಡಿಡ್ದಿದ್ದೇ ಇವ್ಳು. ನಮ್ಗೆ ಮನೇಲಿದ್ದೋರ್ಗೇ ಗೊತ್ತಾಗಿರ್ನಿಲ್ಲ." ನನಗೆ ಉಪಕಾರ ಹೇಳುತ್ತಿದ್ದರು ಮೇಷ್ಟ್ರೇ. ನನಗೆ!

ಆಮೇಲೆ ಒಳಗೆ ಕೂರಿಸಿಕೊಂಡು ಒಂದೊಂದೇ ಹೇಳಿದರು. ಆ ದಿನ ದೊಡ್ಡಿಯಿಂದ ಬಂದವರು ಊಟ ಮಾಡಲಿಲ್ಲವಂತೆ. "ಸುಧಾ ಏಳುದ್ಲು, ನಂಗೆ ಮರ್ವಂತೆ" ಅಂತ ಅಷ್ಟೇ ಅಂದಿರಂತೆ. ಮರುದಿನದಿಂದ ಸ್ಕೂಟರಿನ ಕೀಲಿ ಅವರು ಬಚ್ಚಿಟ್ಟರು. ಒಲೆ ಆರಿಸಿದ್ದೀರಾ, ನಲ್ಲಿ ನಿಲ್ಲಿಸಿದ್ದೀರಾ ಅಂತ ದಿನಾ ಹಿಂದೆ ಬಿದ್ದು ಕೇಳಿದರು. ಯಾರಾದರೂ ನಿಮ್ಮನ್ನು ಮಾತಾಡಿಸಿದರೆ ನಿಮ್ಮ ಬದಲು ಅವರೇ ಉತ್ತರ ಕೊಟ್ಟರು. ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಿದರೆ ಅವರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದ್ದಾರೆ ಅಂದರಂತೆ. ನೀವು ನಂಬಲಿಲ್ಲ. ಡಾಕ್ಟರಿಗಿಂತ ನಿಮ್ಮ ಶಿಷ್ಯೆ ದೊಡ್ಡವಳಾದಳಾ ಮೇಷ್ಟ್ರೇ? ಇಷ್ಟು ನಂಬುವಂಥದ್ದು ಏನಿತ್ತು ನನ್ನಲ್ಲಿ? ಪುಸ್ತಕವನ್ನೂ ಬಿಟ್ಟುಬಿಟ್ಟಿರಂತೆ. "ನನ್ ತಲೆ ನಂಬ್ಕಂಡು ಬರ್ಯಂಗಿಲ್ಲ ಕಣಮ್ಮಿ. ತಪ್ ಬರುದ್ರೆ ಐಕ್ಳು ಕರೆಂಟ್ ಒಡುಸ್ಕಂಡ್ಬುಡ್ತವೆ" ಅನ್ನುತ್ತಿದ್ದಿರಂತೆ. ಅದನ್ನು ಕೇಳಿದಾಗಲೂ ನನಗೆ ನಿಮ್ಮ ಮೇಲೆ ಮರುಕವಿತ್ತೇ ಹೊರತು ನನ್ನ ಮೇಲೆ ಅನುಮಾನ ಇರಲಿಲ್ಲ. ನಾಚಿಕೆಯಾಗುತ್ತೆ ಬರೆಯೋಕೆ.

"ಇದ್ರೊಳಗೆ ಅವ್ರ ಪುಸ್ತಕ ಐತಂತೆ, ತಗ್ದುಕೊಡವ್ವ" ಅಂತ ಲ್ಯಾಪ್‌ಟಾಪು ತಂದುಕೊಟ್ಟರು. ನೀವು ಕೂರುತ್ತಿದ್ದ ಕಿಟಕಿ ಪಕ್ಕದ ಮೇಜಿನ ಮೇಲೆಯೇ ಇಟ್ಟು, ನಿಮ್ಮದೇ ಚಾರ್ಜರನ್ನು ನಿಮ್ಮದೇ ಪ್ಲಗ್ಗಿಗೆ ಸಿಕ್ಕಿಸಿ ಶುರು ಮಾಡಿದೆ. ಚೆನ್ನಾಗೇ ಬಂತು. ಅಷ್ಟರಲ್ಲಿ ಪಂಕ್ತಿಗೆ ಕರೆದರು. ಮುಚ್ಚಳ ಮುಚ್ಚಿ ಊಟಕ್ಕೆ ಹೋದೆ. ಮುದ್ದೆ ಬಡಿಸುವಾಗ ಕರೆಂಟು ಹೋಯಿತು, ಶಾಮಿಯಾನದ ಫ್ಯಾನು ನಿಂತವು, ಯಾರೋ ಕರೆಂಟು ಕಂಪನಿ ಸೆಸ್ಕಿನವರನ್ನು ಬೈದರು. ನಾನು ಕೈ ತೊಳೆದು ಬಂದು ಮುಚ್ಚಳ ತೆಗೆದೆ.

ಫ್ಯಾನು ಗಿರ್ ಅಂದಿತು.

ಮೊದಲ ಸಲ ಬಂದಾಗ ನೀವು ಹೇಳಿದ ಅದೇ ರಂಪ, ನನ್ನ ಕಣ್ಣೆದುರಿಗೆ. ಮುಚ್ಚಿದೆ, ಮಲಗಲಿಲ್ಲ. ಕರೆಂಟು ಇನ್ನೂ ಬಂದಿರಲಿಲ್ಲ, ಚಾರ್ಜರನ್ನೂ ಕಿತ್ತೆ, ಆದರೂ ಚಾರ್ಜ್ ಆಗುತ್ತಿದೆ ಅಂತಲೇ ತೋರಿಸಿತು. ಸಿಸ್ಟಮ್ಮಿನ ಒಳಗಿನ ದಾಖಲೆ ತೆಗೆದು ನೋಡಿದರೆ ಒಂದು ಸಾಲು ಕೂತಿತ್ತು. ನಿಮಗಾದರೆ ಒಂದೇ ಮಾತಿಗೆ ಅರ್ಥವಾಗುತ್ತಿತ್ತು. ಯಂತ್ರದ ಒಂದೊಂದು ಭಾಗಕ್ಕೂ ಪ್ರೊಸೆಸರನ್ನು ಕರೆಯೋಕೆ ಒಂದು ಗಂಟೆ ಇರುತ್ತೆ, ಇಂಟರಪ್ಟ್ ಅಂತ ಹೆಸರು. ಕೀಲಿ ಒತ್ತಿದರೆ ಒಂದು, ಮುಚ್ಚಳ ಮುಚ್ಚಿದರೆ ಒಂದು, ಚಾರ್ಜರಿಗೆ ಕರೆಂಟು ಬಂದರೆ ಹೋದರೆ ಒಂದು. ಗಂಟೆ ಕೇಳಿದ ಕೂಡಲೇ ಪ್ರೊಸೆಸರು ಕೈಲಿದ್ದ ಕೆಲಸ ಬಿಟ್ಟು, ಯಾರಪ್ಪ ಅಂತ ವಿಚಾರಿಸಬೇಕು. ನಿಮ್ಮ ಯಂತ್ರ ಮಲಗಿದ್ದಾಗ ಕರೆಂಟು ಹೋದರೂ ಬಂದರೂ, ಎದ್ದ ತಕ್ಷಣ ಚಾರ್ಜರಿನ ಗಂಟೆ ಹೊಡೆದುಕೊಳ್ಳೋಕೆ ಶುರುವಾಗಿ ನಿಲ್ಲುತ್ತಲೇ ಇರಲಿಲ್ಲ. ಕ್ಷಣಕ್ಕೆ ಸಾವಿರಾರು ಸಲ. ಇದು ನನ್ನದು ಅಂತ ಎದ್ದು ಬರುವವರು ಯಾರೂ ಇಲ್ಲ. ಕೊನೆಗೆ ಸಿಸ್ಟಮ್ಮು ರೋಸಿಹೋಗಿ ಆ ಗಂಟೆ ಬರುವ ದಾರಿಯನ್ನೇ ಬಂದ್ ಮಾಡಿ, "ಒಂಬತ್ತನೇ ನಂಬರಿನ ಗಂಟೆ, ಯಾರೂ ಗಮನ ಕೊಡಲಿಲ್ಲ" ಅನ್ನುವ ಅರ್ಥದ ಮಾತು ಬರೆದಿಡುತ್ತೆ. ಬ್ಯಾಟರಿ, ಮುಚ್ಚಳ, ಚಾರ್ಜರು ಎಲ್ಲವೂ ಸುದ್ದಿ ಕಳಿಸೋದು ಅದೇ ದಾರಿಯಲ್ಲಿ. ಅದು ಬಂದ್ ಆದಮೇಲೆ ಬ್ಯಾಟರಿ ಎಂಬತ್ತರಲ್ಲೇ ನಿಲ್ಲುತ್ತೆ, ಮುಚ್ಚಿದರೂ ಮಲಗಲ್ಲ, ಮುಚ್ಚಳದೊಳಗೆ ಎಚ್ಚರವಾಗೇ ಇದ್ದು ಬ್ಯಾಟರಿ ಬರಿದಾಗಿ ಸಾಯುತ್ತೆ. ನೀವು ಬರೆದ ಎರಡು ಪುಟ ಹೋದದ್ದು ಹೀಗೆ. ಬರೆದಿದ್ದಿರಿ ಮೇಷ್ಟ್ರೇ. ನೀವು ಬರೆದೇ ಇದ್ದಿರಿ.

"ಇದೂ ಅದ್ರ ಜೊತ್ಗೇ ಇತ್ತು ಕಣವ್ವ" ಅಂತ ಜಯಮ್ಮನವರು ಆ ನೋಟ್‌ಬುಕ್ಕು ತಂದುಕೊಟ್ಟಾಗ ನನಗೆ ತೆಗೆಯೋಕೆ ಧೈರ್ಯ ಸಾಲಲಿಲ್ಲ. ತೆಗೆದೆ. ಸ್ಕೇಲಿಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದೀರಿ. ಮುಚ್ಚಿದಾಗ ಕರೆಂಟು. ತೆಗೆದಾಗ ಕರೆಂಟು. ಏನಾಯಿತು. ನಾಲ್ಕು ಪುಟ ತುಂಬ. ಇತ್ತು, ಇತ್ತು, ಸರಿ. ಇತ್ತು, ಇಲ್ಲ, ರಂಪ. ಇಲ್ಲ, ಇಲ್ಲ, ಸರಿ. ಇಲ್ಲ, ಇತ್ತು, ರಂಪ. ಮೊದಲ ಎರಡು ಕಾಲಂ ಬೇರೆಯಾದಾಗೆಲ್ಲ ಮೂರನೆಯದರಲ್ಲಿ ರಂಪ. ಒಂದೂ ತಪ್ಪಿಲ್ಲ. ಅಕ್ಷರ ಬಾರದವರಿಗೆ ತೋರಿಸಿದರೂ ಹೇಳುತ್ತಿದ್ದರು. ಇದನ್ನು ಬರೆದ ಕೈಯನ್ನೇ ನಾನು ಮರೆವು ಅಂದೆನಾ? ಅರ್ಧ ನಿಮಿಷ ಬಗ್ಗಿ ನೋಡಿದ್ದರೆ ಸಾಕಿತ್ತಲ್ಲ?

ಅಂಗಡಿಗೆ ತಂದು ಮತ್ತೆ ಹತ್ತು ಸಲ ಮುಚ್ಚಿ ತೆಗೆದೆ. ಮತ್ತೆ ಮಗುವಿನ ಹಾಗೆ ಮಲಗಿ ಎದ್ದಿತು. ಆಗ ತಲೆ ಎತ್ತಿ ನೋಡಿದೆ, ಗೋಡೆಗೆ ಕೂತಿದ್ದ ನನ್ನ ಯು.ಪಿ.ಎಸ್.! ದೊಡ್ಡಿಗೆಲ್ಲ ಕರೆಂಟು ಹೋದರೂ ನನ್ನ ಅಂಗಡಿಗೆ ಹೋಗಲ್ಲ ಅಂತ ಎಷ್ಟು ಮೆರೆದಿದ್ದೆ ಅದನ್ನಿಟ್ಟುಕೊಂಡು. ಅದು ಇರುವ ತನಕ ನಿಮ್ಮ ಕೊತ್ತತ್ತಿಯ ಕರೆಂಟು ನನ್ನ ಬೆಂಚಿಗೆ ಬರೋದು ಹೇಗೆ? ಯಂತ್ರ ಮಲಗಿದ್ದಾಗ ಪ್ಲಗ್ಗು ಕಿತ್ತು, ಆಮೇಲೆ ತೆಗೆದೆ. ರಂಪ. ಅಷ್ಟೇ ಕೆಲಸ. ಒಂದು ಪ್ಲಗ್ಗು ಕೀಳೋದು. ಆಮೇಲೆ ಯಾವ ಗಂಟೆ ಎಷ್ಟು ಸಲ ಬಾರಿಸಿತು ಅಂತ ಮಲಗೋ ಮೊದಲು ಒಂದು ಸಲ, ಎದ್ದಮೇಲೆ ಒಂದು ಸಲ ತೆಗೆದು ನೋಡಿದೆ. ಉಳಿದದ್ದೆಲ್ಲ ಎರಡೋ ಹತ್ತೋ, ಅದೊಂದು ಲಕ್ಷ ದಾಟಿತ್ತು. ಬೋರ್ಡಿನೊಳಗಿನ ಪ್ರೋಗ್ರಾಮಿನಲ್ಲೇ ಇದ್ದ ಊನ, ಈ ಹಳೇ ಮಾಡೆಲ್ಲಿಗೆ ಹೊಸದು ಯಾರೂ ಬರೆದಿಲ್ಲ. ಮಲಗುವ ಮೊದಲು ಆ ಒಂದು ಗಂಟೆಯ ಬಾಯಿ ಕಟ್ಟಿ, ಎದ್ದು ಸುಧಾರಿಸಿಕೊಂಡ ಮೇಲೆ ಬಿಚ್ಚುವ ಹಾಗೆ ನಾಲ್ಕು ಸಾಲಿನ ಆಜ್ಞೆ ಬರೆದು ಹಾಕಿದೆ. ಮುಚ್ಚಿ, ಪ್ಲಗ್ಗು ಕಿತ್ತು, ತೆಗೆದೆ. ಸರಿ. ಪ್ಲಗ್ಗಿಲ್ಲದೆ ಮುಚ್ಚಿ, ಹಾಕಿ, ತೆಗೆದೆ. ಸರಿ. ನಿಮ್ಮ ನೋಟ್‌ಬುಕ್ಕಿನಲ್ಲೇ, ನಿಮ್ಮ ಕೊನೆಯ ಗೆರೆಯ ಕೆಳಗೆ, ಅದೇ ಮೂರು ಕಾಲಮಿನಲ್ಲಿ ಬರೆಯುತ್ತಾ ಹೋದೆ. ಪುಟ ತುಂಬುವ ತನಕ ರಂಪ ಬರಲಿಲ್ಲ. ನನ್ನ ಅಕ್ಷರ ನಿಮ್ಮದರ ಕೆಳಗೆ ಕಾಗೆ ಕಾಲಿನ ಹಾಗೆ ಕಾಣುತ್ತೆ.

ದುರಸ್ತಿಯಾದ ಮೇಲೆ ಮೂರು ದಿನ ಒದ್ದಾಡಿದೆ. ಜಯಮ್ಮನವರಿಗೆ ಹೇಳಬೇಕಾ, ಬೇಡವಾ? ಗಂಡನಿಗೆ ಮರೆವಿತ್ತು, ತಾನು ಚೆನ್ನಾಗಿ ನೋಡಿಕೊಂಡೆ ಅನ್ನುವ ಸಮಾಧಾನವಾದರೂ ಅವರಿಗಿದೆ. ಅದನ್ನೂ ಕಿತ್ತುಕೊಳ್ಳಲಾ? ಹೇಳದಿದ್ದರೆ ನೀವು ಊರಿನವರ ಬಾಯಲ್ಲಿ ಕೊನೆತನಕ ಮರೆವಿನ ಮೇಷ್ಟ್ರಾಗೇ ಉಳಿಯುತ್ತೀರಿ. ಸುಮ್ಮನಿರೋಕೆ ನನಗೆ ಎಷ್ಟು ಆಸೆಯಾಗುತ್ತಿತ್ತು ಅಂದರೆ, ಅದನ್ನು ನೋಡಿಯೇ ಇದು ಸರಿಯಲ್ಲ ಅಂತ ಗೊತ್ತಾಯಿತು. ಮೊನ್ನೆ ಮಂಗಳವಾರ ಅಂಗಡಿ ಮುಚ್ಚಿ, ಎರಡು ಬಸ್ಸು ಬದಲಾಯಿಸಿ ಕೊತ್ತತ್ತಿಗೆ ಹೋದೆ. ಜಯಮ್ಮನವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಎದುರಿಗೆ ಕೂತು ಸುಲಿಯುತ್ತಾ, ಒಂದೂ ಬಿಡದೆ ಹೇಳಿದೆ. ನೋಟ್‌ಬುಕ್ಕು ತೋರಿಸಿದೆ. "ಮೇಷ್ಟ್ರುಗೆ ಯಾವ ಮರ್ವೂ ಇರ್ನಿಲ್ಲ ಅಮ್ಮ. ನನ್ಗೆ ಗೊತ್ತಾಗ್ನಿಲ್ಲ, ಅವ್ರ್ ಮ್ಯಾಲೆ ಆಕ್ದೆ" ಅಂದೆ.

ಅವರ ಕೈ ನಿಂತಿತು. ಆಮೇಲೆ, "ಒಲೆ ಆರ್ಸಿದ್ದೀರಾ ಅಂತ ದಿನಾ ಕೇಳ್ತಿದ್ದೆ" ಅಂದರು. "ದಿನಾ ಆರ್ಸಿರೋರು." ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೆಟ್ಟಗೆ ನೋಡಿದರು. "ಅವ್ರ್ಗೆ ಯಾರ್ ಮುಂದೆ ಅಂದೆ ಈ ಮಾತ?"

"ಅಂಗಡೀಲಿ ಅಮ್ಮ. ಎಲ್ಲಾರ್ ಮುಂದೆ."

"ಮತ್ತೆ ನನ್ ಜಗಲೀಲಿ ಯಾಕ್ ಏಳ್ತಾ ಕುಂತಿದ್ದೀಯ? ಓಗು. ಅಲ್ಲೇ ಏಳು. ಎಲ್ಲಾರ್ ಮುಂದೆ ಏಳು." ಇಷ್ಟು ಹೇಳಿ ಮತ್ತೆ ಕಾಯಿ ಸುಲಿಯೋಕೆ ಶುರು ಮಾಡಿದರು. ನಾನು ಏಳುವಾಗ ಊಟಕ್ಕೆ ನಿಲ್ಲು ಅನ್ನಲಿಲ್ಲ. ಅನ್ನಬಾರದಿತ್ತು ಕೂಡ.

ನಿನ್ನೆ ಬೆಳಗ್ಗೆ ಅಂಗಡಿ ತುಂಬಿದ ಹೊತ್ತು ನೋಡಿ, ಪ್ರಿಂಟರ್ ನಿಲ್ಲಿಸಿ, ಎದ್ದು ನಿಂತು ಹೇಳಿದೆ. ಹೆದರಿಕೆಯಾಯಿತು, ಐ.ಟಿ.ಐ.ಯ ಮೊದಲ ದಿನದ ಹಾಗೆ. ಹುಡುಗರು ಮುಖ ಮುಖ ನೋಡಿಕೊಂಡರು, ಅವತ್ತಿನ ಹುಡುಗರು ಇವರಾಗಿರಲಿಲ್ಲ. ಕೆಂಪರಾಜು, "ಯಾವ್ ಮೇಷ್ಟ್ರಕ್ಕಾ?" ಅಂದ. ಅವನಿಗೆ ನೆನಪೇ ಇಲ್ಲ ಮೇಷ್ಟ್ರೇ. ನಿಮ್ಮನ್ನು ಎಂಟು ತಿಂಗಳು ಸುಟ್ಟ ಮಾತು ಅವನಿಗೆ ಅರ್ಧ ಗಂಟೆಯೂ ಉಳಿದಿಲ್ಲ. ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ನಂಜುಂಡಣ್ಣ ಮಾತ್ರ, "ಟೀ ಕುಡೀದೆ ಎದ್ದೋದ್ರಲ್ಲ, ಅವ್ರಾ?" ಅಂದ. ಹೌದು ಅಂದೆ. "ಅವತ್ತೇ ಅನ್ಕಂಡೆ ನಾನು, ಟೀ ಬುಟ್ಟೋಗೋ ಜನ ಅಲ್ವಲ್ಲ ಅವ್ರು ಅಂತ" ಅಂದು, ಲೋಟ ಎತ್ತಿಕೊಂಡು ಹೋದ. ಮಧ್ಯಾಹ್ನ ಜಯಮ್ಮನವರಿಗೆ ಫೋನ್ ಮಾಡಿ, ಹೇಳಿದೆ ಅಂತ ಹೇಳಿದೆ. "ಊಂ" ಅಂದರು. ಇಟ್ಟರು.

ಅದಾದ ಮೇಲೆಯೇ ನಿಮ್ಮ ಪುಸ್ತಕ ತೆಗೆಯೋಕೆ ನನಗೆ ಮುಖ ಬಂದದ್ದು. ನೂರಾರು ಪುಟ. ದುದ್ದದ ಟಿ.ವಿ. ಇದೆ, ಗೌಡರ ಕಂಬಳಿಯೂ ಇದೆ, "ನನ್ನ ವಿದ್ಯಾರ್ಥಿನಿಯೊಬ್ಬಳು" ಅಂತ ನಾನೂ ಇದ್ದೇನೆ. ಕಳೆದುಹೋದ ಅರ್ಥಿಂಗ್ ಪಾಠವನ್ನು ನೀವು ಮತ್ತೆ ಮೊದಲಿಂದ ಶುರು ಮಾಡಿದ್ದಿರಿ. ಗುಂಡಿ ಎಷ್ಟು ಆಳ, ಉಪ್ಪು ಎಷ್ಟು, ಇದ್ದಿಲು ಎಷ್ಟು, ಎಲ್ಲ ಸರಿಯಾಗಿ ಬರೆದಿದ್ದೀರಿ. ಅದು ನಿಂತಿರೋದು ಒಂದು ಸಾಲಿನ ಹತ್ತಿರ. "ಅರ್ಥಿಂಗ್ ತಂತಿಯ ಬಣ್ಣ ಹಸಿರು" ಅಂತ ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ. ಅದರ ಕೆಳಗೆ: "ಸುಧಾಳನ್ನು ಕೇಳಿ ಖಚಿತ ಮಾಡಿಕೊಳ್ಳುವುದು." ಅಲ್ಲಿಂದ ಮುಂದೆ ಖಾಲಿ. ಆ ಪುಟ ಉಳಿಸಿದ ತಾರೀಕು ನೋಡಿದೆ. ನೀವು ನನಗೆ ಎರಡು ಸಲ ಫೋನ್ ಮಾಡಿದ ದಿನ.

ಮೂವತ್ತು ವರ್ಷ ಹುಡುಗರ ಕೈಗೆ ಆ ತಂತಿ ಕೊಟ್ಟವರು, ಅದರ ಬಣ್ಣ ಕೇಳೋಕೆ ನನಗೆ ಫೋನ್ ಮಾಡಿದ್ದಿರಾ ಮೇಷ್ಟ್ರೇ?

ಹಸಿರು ಮೇಷ್ಟ್ರೇ. ಹಸಿರೇ. ನೀವು ಬರೆದದ್ದು ಸರಿಯಾಗಿದೆ. ಪ್ರಶ್ನೆ ಚಿಹ್ನೆ ಅಳಿಸಿದ್ದೇನೆ.

ನಿಮ್ಮ,
ಸುಧಾ